ಮಿಡಿ ಫೈಲ್ ಹಾಕಿದರೆ ಸೌಂಡ್ ತಪ್ಪಾಗಿ ಬರ್ತಿದೆಯಾ? ವರ್ಕ್‌ಸ್ಟೇಷನ್‌ನಲ್ಲಿ ಸರಿಯಾಗಿ ನುಡಿಸುವ ಕ್ರಮ

"ಕಂಪ್ಯೂಟರ್‌ನಲ್ಲಿ ಚೆನ್ನಾಗಿತ್ತು ಸರ್, ಕೀಬೋರ್ಡ್‌ಗೆ ಹಾಕಿದರೆ ಬೇಸ್ ಜಾಗದಲ್ಲಿ ಸ್ಟ್ರಿಂಗ್ಸ್ ಬರ್ತಿದೆ." "ಡ್ರಮ್ಸ್ ಎಲ್ಲಾ ಪಿಯಾನೋದಲ್ಲಿ ಕೇಳಿಸ್ತಿದೆ." "ಕೊಳಲು ಶ್ರುತಿಗೇ ಸೇರ್ತಿಲ್ಲ." ಹೇಳುವ ಮಾತು ಬೇರೆ ಬೇರೆ, ತೊಂದರೆ ಒಂದೇ. ಹೆಚ್ಚಿನವರು ಮಾಡುವ ಕೆಲಸವೂ ಒಂದೇ: ಒಂದೊಂದು ಟ್ರ್ಯಾಕ್‌ಗೂ ಕೂತು ಸೌಂಡ್ ಬದಲಿಸುವುದು. ಅದಕ್ಕೆ ಎರಡು ಗಂಟೆ ಹೋಗುತ್ತದೆ. ಪ್ಲೇ ಒತ್ತಿದ ತಕ್ಷಣ ಎಲ್ಲವೂ ಮತ್ತೆ ಹಳೆಯ ತಪ್ಪಿಗೇ ಬಂದು ನಿಲ್ಲುತ್ತದೆ.

ಹಾಗಾಗುವುದಕ್ಕೆ ಕಾರಣ ಇದೆ. ಮಿಡಿ ಫೈಲ್‌ನಲ್ಲಿ ಶಬ್ದ ಇಲ್ಲ, ಬರೀ ಆದೇಶಗಳಿವೆ. "1ನೇ ಚಾನೆಲ್‌ಗೆ 25ನೇ ಸೌಂಡ್ ಹಾಕು", "10ನೇ ಚಾನೆಲ್‌ನಲ್ಲಿ 36ನೇ ನೋಟ್ ಇಷ್ಟು ಜೋರಾಗಿ ಹೊಡಿ", ಹೀಗೆ. ಚಾನೆಲ್ ಅಂದರೆ ವಾದ್ಯಕ್ಕೊಂದು ಅಂತ ಇರುವ ದಾರಿ, ಒಟ್ಟು 16. ನೀವು ಕೈಯಲ್ಲಿ ಸೌಂಡ್ ಬದಲಿಸುತ್ತೀರಿ. ಹಾಡು ಶುರುವಾದಾಗ ಫೈಲ್ ಮತ್ತೆ ತನ್ನ ಆದೇಶ ಕೊಡುತ್ತದೆ. ಗೆಲ್ಲುವುದು ಫೈಲೇ.

ಆದ್ದರಿಂದ ಮೊದಲು ಮೆಷಿನ್ ಸರಿಮಾಡಿ, ಆಮೇಲೆ ಫೈಲ್, ಕೊನೆಗೆ ಸೌಂಡ್. ಈ ಕ್ರಮವನ್ನು ತಿರುಗಾಮುರುಗಾ ಮಾಡಬೇಡಿ. ವರ್ಕ್‌ಸ್ಟೇಷನ್ ಅಂದರೆ ಹಾಡು ರೆಕಾರ್ಡ್ ಮಾಡಿ ಎಡಿಟ್ ಮಾಡುವ ಸೀಕ್ವೆನ್ಸರ್ ಒಳಗೇ ಇರುವ ಕೀಬೋರ್ಡ್. ಕೆಳಗಿನ ಹಂತಗಳಲ್ಲಿ ಉದಾಹರಣೆಗೆ ಹೆಚ್ಚಾಗಿ ಕೊರ್ಗ್ ಟ್ರೈಟನ್ ಮತ್ತು ಕ್ರೋನೋಸ್ ತೆಗೆದುಕೊಂಡಿದ್ದೇನೆ. ಯಮಾಹಾ ಮೋಟಿಫ್, ರೋಲ್ಯಾಂಡ್ ಇರುವವರಿಗೆ ಬೇಕಾದ ಕಡೆ ವ್ಯತ್ಯಾಸ ಹೇಳಿದ್ದೇನೆ.

## ಕೈಗೆ ಬೇಕಾದ್ದು

ವರ್ಕ್‌ಸ್ಟೇಷನ್, ಹೆಡ್‌ಫೋನ್, ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್. ಹಳೆಯ ಟ್ರೈಟನ್ ಆದರೆ ಫ್ಲಾಪಿ. ಜೊತೆಗೆ ನಿಮ್ಮ ಮಾಡೆಲ್‌ನ ಸೌಂಡ್ ಲಿಸ್ಟ್ ಪಿಡಿಎಫ್ ಬೇಕೇ ಬೇಕು. ಯಾವ ಬ್ಯಾಂಕ್‌ಗೆ (ಸೌಂಡ್‌ಗಳ ಗುಂಪಿಗೆ) ಯಾವ ನಂಬರ್ ಅನ್ನುವುದು ಇರುವುದು ಅದರಲ್ಲೇ.

ಕಂಪ್ಯೂಟರ್‌ನಲ್ಲಿ ಇವೆಂಟ್ ಲಿಸ್ಟ್ (ಫೈಲ್‌ನ ಆದೇಶಗಳ ಸಾಲುಪಟ್ಟಿ) ತೋರಿಸುವ ಸಾಫ್ಟ್‌ವೇರ್ ಇರಲಿ. ರೀಪರ್ ಆಗಬಹುದು. ವಿಂಡೋಸ್‌ನವರಿಗೆ ಉಚಿತವಾಗಿ ಸಿಗುವ ಸೆಕೈಜು ಕೂಡ ಸಾಕು. ಮ್ಯೂಸ್‌ಸ್ಕೋರ್‌ನಲ್ಲಿ ಈ ಕೆಲಸ ಮಾಡಬೇಡಿ. ಅದು ಸ್ವರಲಿಪಿಯ ಸಾಫ್ಟ್‌ವೇರ್, ಫೈಲನ್ನು ತನ್ನ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತದೆ. ನುಡಿಸಿದವರ ಕೈಯ ಸಣ್ಣ ಏರುಪೇರುಗಳು ಅಲ್ಲೇ ಹೋಗಿಬಿಡಬಹುದು.

ಮೂಲ ಫೈಲ್‌ನ ಒಂದು ಪ್ರತಿ ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಂಡು ಕೆಲಸ ಶುರುಮಾಡಿ.

## ಹಂತ 1: ಫೈಲ್ ಎಂಥದ್ದು ಅಂತ ಗುರುತಿಸಿ

ಸ್ಟ್ಯಾಂಡರ್ಡ್ ಮಿಡಿ ಫೈಲ್‌ನಲ್ಲಿ ನಿಮಗೆ ಸಿಗುವುದು ಎರಡು ಬಗೆ. ಟೈಪ್ 0 ಅಂದರೆ 16 ಚಾನೆಲ್‌ಗಳೂ ಒಂದೇ ಟ್ರ್ಯಾಕ್‌ನಲ್ಲಿ. ಟೈಪ್ 1 ಅಂದರೆ ವಾದ್ಯಕ್ಕೊಂದು ಟ್ರ್ಯಾಕ್. ಎಡಿಟ್ ಮಾಡಲು ಟೈಪ್ 1 ಸುಲಭ. ಕೆಲವು ಕೀಬೋರ್ಡ್‌ಗಳು ನೇರವಾಗಿ ನುಡಿಸುವಾಗ ಟೈಪ್ 0 ಮಾತ್ರ ಒಪ್ಪುತ್ತವೆ. ಫೈಲ್ ಹೆಸರು ಕಾಣುತ್ತದೆ, ಪ್ಲೇ ಆಗುತ್ತಿಲ್ಲ ಅಂದರೆ ಟೈಪ್ 0 ಆಗಿ ಎಕ್ಸ್‌ಪೋರ್ಟ್ ಮಾಡಿ ನೋಡಿ.

ಹೆಸರೇ ಕಾಣದಿದ್ದರೆ ಫೈಲ್ ಹೆಸರನ್ನು ಚಿಕ್ಕದು ಮಾಡಿ: ಎಂಟು ಇಂಗ್ಲಿಷ್ ಅಕ್ಷರದ ಒಳಗೆ, ನಡುವೆ ಜಾಗ ಬೇಡ, ಕನ್ನಡ ಅಕ್ಷರ ಬೇಡ. ಕ್ಯಾರಿಯೋಕೆಯ ಡಾಟ್ ಕೆಎಆರ್ ಫೈಲ್ ಕೂಡ ಒಳಗಡೆ ಮಿಡಿ ಫೈಲೇ. ಹೆಸರಿನ ಕೊನೆಯನ್ನು ಡಾಟ್ ಎಂಐಡಿ ಅಂತ ಬದಲಿಸಿದರೆ ಸಾಮಾನ್ಯವಾಗಿ ತೆರೆಯುತ್ತದೆ.

ಈಗ ಇವೆಂಟ್ ಲಿಸ್ಟ್‌ನ ಮೊದಲ ಕೆಲವು ಸಾಲು ನೋಡಿ. ಎಫ್0 ಇಂದ ಶುರುವಾಗುವ ಸಾಲಿನಲ್ಲಿ ಎರಡನೆಯ ಸಂಖ್ಯೆ 7ಇ ಇದ್ದರೆ ಅದು ಎಲ್ಲ ಕಂಪನಿಗೂ ಸಾಮಾನ್ಯವಾದ ಆದೇಶ, ಬಹುಪಾಲು ಜನರಲ್ ಮಿಡಿ (ಜಿಎಂ, ಎಲ್ಲ ಕಂಪನಿಗಳೂ ಒಪ್ಪಿದ ಸೌಂಡ್ ಪಟ್ಟಿ) ರೀಸೆಟ್. ರೀಸೆಟ್ ಅಂದರೆ ಮೆಷಿನ್ ಅನ್ನು ಮೊದಲಿನ ಸ್ಥಿತಿಗೆ ತರುವ ಆದೇಶ. 41 ಇದ್ದರೆ ರೋಲ್ಯಾಂಡ್, ಸಾಮಾನ್ಯವಾಗಿ ಅದರದೇ ಜಿಎಸ್ ಪದ್ಧತಿಯ ಫೈಲ್. 43 ಇದ್ದರೆ ಯಮಾಹಾ, ಸಾಮಾನ್ಯವಾಗಿ ಅದರದೇ ಎಕ್ಸ್‌ಜಿ ಪದ್ಧತಿಯ ಫೈಲ್. ಒಂದು ಕಂಪನಿಯ ರೀಸೆಟ್ ಇನ್ನೊಂದರ ಮೆಷಿನ್‌ಗೆ ಸಾಮಾನ್ಯವಾಗಿ ಅರ್ಥವಾಗುವುದಿಲ್ಲ, ಅದು ಸುಮ್ನೆ ಬಿಟ್ಟುಬಿಡುತ್ತದೆ. ಆದರೆ ಅದರ ಹಿಂದೆ ಬರುವ ಬ್ಯಾಂಕ್ ನಂಬರ್‌ಗಳನ್ನು ಬಿಡುವುದಿಲ್ಲ, ತನಗೆ ತೋಚಿದ ಹಾಗೆ ಓದಿಕೊಳ್ಳುತ್ತದೆ. ಎಡವಟ್ಟು ಶುರುವಾಗುವುದು ಅಲ್ಲೇ.

## ಹಂತ 2: ಮೆಷಿನ್ ಸರಿಯಾದ ಮೋಡ್‌ನಲ್ಲಿ ಇದೆಯಾ?

ಎಲ್ಲ ವಾದ್ಯವೂ ಪಿಯಾನೋ ಥರ ಕೇಳಿಸಿದರೆ, ಅಥವಾ ಒಂದೇ ವಾದ್ಯ ಮಾತ್ರ ಕೇಳಿಸಿದರೆ, ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕಂಪ್ಯೂಟರ್‌ನಿಂದ ಕೇಬಲ್‌ನಲ್ಲಿ ನುಡಿಸುವಾಗ ಕೊರ್ಗ್ ಪ್ರೋಗ್ರಾಂ ಮೋಡ್‌ನಲ್ಲಿದ್ದರೆ ಒಂದೇ ಚಾನೆಲ್‌ಗೆ, ಒಂದೇ ಸೌಂಡ್‌ನಲ್ಲಿ ಸ್ಪಂದಿಸುತ್ತದೆ. 16 ಚಾನೆಲ್ ಬೇಕು ಅಂದರೆ ಸೀಕ್ವೆನ್ಸರ್ ಮೋಡ್‌ಗೆ ಹೋಗಬೇಕು. ಮೋಟಿಫ್‌ನಲ್ಲಿ ವಾಯ್ಸ್ ಮೋಡ್ ಬಿಟ್ಟು ಸಾಂಗ್ ಮೋಡ್‌ಗೆ ಹೋಗಬೇಕು.

ಕಂಪ್ಯೂಟರ್ ಇಲ್ಲದೆ ಮೆಷಿನ್‌ನಲ್ಲೇ ನುಡಿಸುವುದಾದರೆ ಟ್ರೈಟನ್‌ನ ಸಾಂಗ್ ಪ್ಲೇ ಮೋಡ್ ಡಿಸ್ಕ್‌ನಿಂದ ನೇರವಾಗಿ ಓದುತ್ತದೆ. ಆದರೆ ಎಡಿಟ್ ಮಾಡಿ ಇಟ್ಟುಕೊಳ್ಳಬೇಕು ಅಂದರೆ ಡಿಸ್ಕ್ ಮೋಡ್‌ನಿಂದ ಲೋಡ್ ಮಾಡಿ ಸೀಕ್ವೆನ್ಸರ್‌ಗೆ ತನ್ನಿ. ಲೋಡ್ ಮಾಡುವಾಗ ಖಾಲಿ ಇರುವ ಸಾಂಗ್ ನಂಬರ್ ಆರಿಸಿ. ನೀವು ಆರಿಸಿದ ನಂಬರ್‌ನಲ್ಲಿ ಹಳೆಯ ಹಾಡಿದ್ದರೆ ಅದು ಅಳಿಸಿಹೋಗುತ್ತದೆ.

## ಹಂತ 3: ಬ್ಯಾಂಕ್ ಮ್ಯಾಪ್

ಕೇಳಿಬರುವ ತೊಂದರೆಗಳಲ್ಲಿ ಜಾಸ್ತಿ ಇಲ್ಲೇ ಬಗೆಹರಿಯುತ್ತವೆ. ನಿಧಾನವಾಗಿ ಓದಿ.

ಸೌಂಡ್ ಆರಿಸಲು ಫೈಲ್ ಮೂರು ಆದೇಶ ಕಳಿಸುತ್ತದೆ: ಕಂಟ್ರೋಲರ್ (ನಂಬರ್ ಇರುವ ಸೆಟ್ಟಿಂಗ್ ಆದೇಶ) 0, ಕಂಟ್ರೋಲರ್ 32, ಆಮೇಲೆ ಪ್ರೋಗ್ರಾಂ ಚೇಂಜ್. ಮೊದಲೆರಡು ಸೇರಿ ಬ್ಯಾಂಕ್ ಯಾವುದು ಅಂತ ಹೇಳುತ್ತವೆ. ಮೂರನೆಯದು ಆ ಬ್ಯಾಂಕ್‌ನೊಳಗಿನ ಸೌಂಡ್. ಸಾಮಾನ್ಯ ಜನರಲ್ ಮಿಡಿ ಫೈಲ್‌ನಲ್ಲಿ ಬ್ಯಾಂಕ್ 0, 0 ಅಂತ ಇರುತ್ತದೆ.

ಕೊರ್ಗ್‌ನ ಗ್ಲೋಬಲ್ ಮೋಡ್‌ನಲ್ಲಿ, ಬೇಸಿಕ್ ಸೆಟಪ್ ಪುಟಗಳಲ್ಲಿ, ಬ್ಯಾಂಕ್ ಮ್ಯಾಪ್ ಅಂತ ಒಂದು ಆಯ್ಕೆ ಇದೆ. ಅದು "ಕೊರ್ಗ್" ಅಂತ ಇದ್ದರೆ 0, 0 ಅಂದರೆ ಇಂಟರ್ನಲ್ ಎ ಬ್ಯಾಂಕ್. "ಜಿಎಂ(2)" ಅಂತ ಇದ್ದರೆ ಅದೇ 0, 0 ಅಂದರೆ ಜಿ ಬ್ಯಾಂಕ್, ಅಂದರೆ ಜನರಲ್ ಮಿಡಿಯ 128 ಸೌಂಡ್. ಫೈಲ್ 34ನೇ ಸೌಂಡ್ ಕೇಳುತ್ತದೆ. ಜಿ ಬ್ಯಾಂಕ್‌ನ 34 ಫಿಂಗರ್ ಬೇಸ್. ಎ ಬ್ಯಾಂಕ್‌ನ ಅದೇ ಜಾಗದಲ್ಲಿ ಬೇಸ್‌ಗೆ ಸಂಬಂಧವೇ ಇಲ್ಲದ ಸೌಂಡ್ ಇರಬಹುದು. ಮೆಷಿನ್ ತಪ್ಪು ಮಾಡಿಲ್ಲ, ಕೇಳಿದ ಬ್ಯಾಂಕನ್ನೇ ಕೊಟ್ಟಿದೆ.

ನಿಮ್ಮದೇ ಕೀಬೋರ್ಡ್ ಆದರೆ ಬ್ಯಾಂಕ್ ಮ್ಯಾಪ್ ಅನ್ನು ಜಿಎಂ(2) ಮಾಡಿ. ಮಾಡಿದ ಮೇಲೆ ಮೆನುವಿನಿಂದ ರೈಟ್ ಗ್ಲೋಬಲ್ ಸೆಟ್ಟಿಂಗ್ ಕೊಡುವುದು ಮರೆಯಬೇಡಿ. ಇದನ್ನು ಬಿಟ್ಟವರೇ "ನಿನ್ನೆ ಸರಿ ಇತ್ತು, ಇವತ್ತು ಮತ್ತೆ ಹಾಳು" ಅನ್ನುತ್ತಾರೆ. ಸ್ವಿಚ್ ಆಫ್ ಮಾಡಿದಾಗ ಬದಲಾವಣೆ ಹೋಗಿರುತ್ತದೆ, ಅಷ್ಟೇ.

ಬೇರೆಯವರ ಕೀಬೋರ್ಡ್ ಆದರೆ ಅದರ ಗ್ಲೋಬಲ್ ಮುಟ್ಟಬೇಡಿ. ಅವರ ಹಾಡುಗಳು ಕೊರ್ಗ್ ಮ್ಯಾಪ್ ನಂಬಿಕೊಂಡಿರಬಹುದು. ನಿಮ್ಮ ಫೈಲ್‌ನಲ್ಲೇ ಕಂಟ್ರೋಲರ್ 0ರ ಬೆಲೆ 121, ಕಂಟ್ರೋಲರ್ 32ರ ಬೆಲೆ 0 ಮಾಡಿ. ಡ್ರಮ್ಸ್ ಚಾನೆಲ್‌ಗೆ 121ರ ಬದಲು 120. ಇದು ಜನರಲ್ ಮಿಡಿ 2ರ ಪದ್ಧತಿ. ಕೊರ್ಗ್ ಇದನ್ನು ಒಪ್ಪುತ್ತದೆ, ಜನರಲ್ ಮಿಡಿ 2 ಇರುವ ರೋಲ್ಯಾಂಡ್‌ಗಳೂ ಒಪ್ಪುತ್ತವೆ. ಮೋಟಿಫ್‌ನಲ್ಲಿ ಮಾತ್ರ ಜಿಎಂ ಸೌಂಡ್‌ಗಳು 0, 0ರಲ್ಲೇ ಇವೆ, ಜಿಎಂ ಡ್ರಮ್ಸ್ 127, 0ರಲ್ಲಿದೆ. ಅದರ ಸ್ವಂತ ಪ್ರೀಸೆಟ್‌ಗಳು 63ರಿಂದ ಶುರು. ಯಾವ ಮೆಷಿನ್‌ಗೆ ತಯಾರು ಮಾಡಿದ್ದು ಅಂತ ಫೈಲ್ ಹೆಸರಿನಲ್ಲೇ ಒಂದು ಅಕ್ಷರ ಸೇರಿಸಿ ಇಟ್ಟುಕೊಳ್ಳಿ.

ಗ್ಲೋಬಲ್‌ನ ಮಿಡಿ ಪುಟದಲ್ಲಿ ಫಿಲ್ಟರ್‌ಗಳೂ ಇವೆ. ಪ್ರೋಗ್ರಾಂ ಚೇಂಜ್, ಬ್ಯಾಂಕ್ ಚೇಂಜ್, ಕಂಟ್ರೋಲ್ ಚೇಂಜ್, ಎಕ್ಸ್‌ಕ್ಲೂಸಿವ್: ನಾಲ್ಕಕ್ಕೂ ಟಿಕ್ ಇರಲಿ. ಬ್ಯಾಂಕ್ ಚೇಂಜ್ ಒಂದಕ್ಕೆ ಟಿಕ್ ಇಲ್ಲದಿದ್ದರೂ ಮೇಲೆ ಮಾಡಿದ್ದೆಲ್ಲ ವ್ಯರ್ಥ.

ಇನ್ನೊಂದು ಸಣ್ಣ ಬಲೆ. ಸಾಫ್ಟ್‌ವೇರ್ ಕೆಲವು ಸಲ 0ಯಿಂದ 127 ಅಂತ ಎಣಿಸುತ್ತದೆ, ಜಿಎಂ ಪಟ್ಟಿ 1ರಿಂದ 128. ಇದನ್ನು ಪಿಯಾನೋದಲ್ಲಿ ಪರೀಕ್ಷೆ ಮಾಡಬೇಡಿ. 1 ಮತ್ತು 2 ಎರಡೂ ಪಿಯಾನೋನೇ, ವ್ಯತ್ಯಾಸ ಗೊತ್ತಾಗುವುದಿಲ್ಲ. ಸಿತಾರ್‌ನಲ್ಲಿ ನೋಡಿ. ಜಿಎಂ ಪಟ್ಟಿಯಲ್ಲಿ ಅದು 105. ಸಿತಾರ್ ಬದಲು ಬ್ಯಾಂಜೊ ಬಂದರೆ ನೀವು ಒಂದು ಮನೆ ಮುಂದೆ ಹೋಗಿದ್ದೀರಿ.

## ಹಂತ 4: ಮೊದಲ ಬಾರ್ ಖಾಲಿ ಬಿಡಿ

ಹಾಡಿನ ಮೊದಲ ಒಂದೆರಡು ನೋಟ್ ತಪ್ಪು ಸೌಂಡ್‌ನಲ್ಲಿ ಬಂದು, ಆಮೇಲೆ ಸರಿಹೋಗುತ್ತದಾ? ರೀಸೆಟ್, ಬ್ಯಾಂಕ್, ಪ್ರೋಗ್ರಾಂ, ವಾಲ್ಯೂಮ್, ನೋಟ್ ಎಲ್ಲವೂ ಒಂದೇ ಕ್ಷಣದಲ್ಲಿ ತುಂಬಿಕೊಂಡಿವೆ ಅಂತ ಅರ್ಥ.

ಹಳೆಯ ಐದು ಪಿನ್ನಿನ ಮಿಡಿ ಕೇಬಲ್ ಸೆಕೆಂಡಿಗೆ 31,250 ಬಿಟ್ ಸಾಗಿಸುತ್ತದೆ, ಅಂದರೆ 3,125 ಬೈಟ್. 16 ಚಾನೆಲ್‌ಗಳ ಬ್ಯಾಂಕ್ ಮತ್ತು ಪ್ರೋಗ್ರಾಂ ಆದೇಶಗಳೇ 128 ಬೈಟ್. ಅಷ್ಟಕ್ಕೇ ಸುಮಾರು 41 ಮಿಲಿಸೆಕೆಂಡ್ ಬೇಕು. ರೀಸೆಟ್ ಆದಮೇಲೆ ಮೆಷಿನ್‌ಗೆ ಸುಧಾರಿಸಿಕೊಳ್ಳಲು ಇನ್ನೂ ಸ್ವಲ್ಪ ಸಮಯ ಬೇಕು. ನೋಟ್‌ಗಳು ಅಷ್ಟರವರೆಗೆ ಕಾಯುವುದಿಲ್ಲ.

ಹೀಗೆ ಮಾಡಿ. ಹಾಡಿನ ಮುಂದೆ ಒಂದು ಖಾಲಿ ಬಾರ್ ಸೇರಿಸಿ. 120 ಟೆಂಪೋದಲ್ಲಿ ನಾಲ್ಕು ಬೀಟ್ ಅಂದರೆ ಎರಡು ಸೆಕೆಂಡ್, ಧಾರಾಳ ಸಾಕು. ಅದರಲ್ಲಿ ಈ ಕ್ರಮದಲ್ಲಿ ಜೋಡಿಸಿ.

1. ಮೊದಲ ಬೀಟ್: ಜಿಎಂ ರೀಸೆಟ್, ಅದೊಂದೇ. ಎಫ್0 7ಇ 7ಎಫ್ 09 01 ಎಫ್7. ಟೈಪ್ ಮಾಡುವಾಗ ಎಫ್, ಇ ಎರಡೂ ಇಂಗ್ಲಿಷ್ ಅಕ್ಷರಗಳು.

2. ಎರಡನೇ ಬೀಟ್: ಪ್ರತಿ ಚಾನೆಲ್‌ಗೂ ಕಂಟ್ರೋಲರ್ 0, ಆಮೇಲೆ 32, ಆಮೇಲೆ ಪ್ರೋಗ್ರಾಂ ಚೇಂಜ್. ಚಾನೆಲ್‌ನಿಂದ ಚಾನೆಲ್‌ಗೆ ಕೆಲವು ಟಿಕ್ (ಬೀಟಿನ ಸಣ್ಣ ತುಣುಕು) ಅಂತರ ಕೊಡಿ.

3. ಮೂರನೇ ಬೀಟ್: ವಾಲ್ಯೂಮ್ 7, ಪ್ಯಾನ್ 10, ಎಕ್ಸ್‌ಪ್ರೆಶನ್ 11, ರಿವರ್ಬ್ 91, ಕೋರಸ್ 93.

4. ನಾಲ್ಕನೇ ಬೀಟ್: ಪಿಚ್ ಬೆಂಡ್ ರೇಂಜ್. ಇದರ ವಿವರ ಹಂತ 6ರಲ್ಲಿದೆ.

ಎರಡನೇ ಬಾರ್‌ನಿಂದ ಹಾಡು. ಬಾರ್ ಸೇರಿಸುವಾಗ ನೋಟ್‌ಗಳನ್ನು ಮಾತ್ರ ಮುಂದಕ್ಕೆ ಸರಿಸಿ ಟೆಂಪೋ ಟ್ರ್ಯಾಕನ್ನು ಅಲ್ಲೇ ಬಿಟ್ಟರೆ ಹಾಡು ನಿಧಾನವಾಗಬೇಕಾದ ಜಾಗ ಒಂದು ಬಾರ್ ಮೊದಲೇ ಬರುತ್ತದೆ. ಟೆಂಪೋ ಬದಲಾವಣೆಗಳೂ ಒಟ್ಟಿಗೇ ಸರಿಯಬೇಕು. ಹೊಸ ಮೊದಲ ಬಾರ್‌ಗೆ ಟೆಂಪೋ ಮತ್ತೊಮ್ಮೆ ಬರೆಯಿರಿ. ಬರೆಯದಿದ್ದರೆ ಅದು 120 ಅಂತಲೇ ಲೆಕ್ಕ.

ಕೆಳಗೆ ಉಳಿದಿರುವ ಜಿಎಸ್, ಎಕ್ಸ್‌ಜಿ ಸಾಲುಗಳನ್ನು ನಿಮ್ಮ ಮೆಷಿನ್ ಓದದಿದ್ದರೆ ಅಳಿಸಿಬಿಡಿ. ಅವು ದಾರಿಗೆ ಅಡ್ಡ.

## ಹಂತ 5: ಡ್ರಮ್ಸ್

ಡ್ರಮ್ಸ್ ಇರಬೇಕಾದ್ದು 10ನೇ ಚಾನೆಲ್‌ನಲ್ಲಿ. ಬೇರೆ ಚಾನೆಲ್‌ನಲ್ಲಿದ್ದರೆ ಅಲ್ಲಿಗೆ ತನ್ನಿ. ಕಿಕ್ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42, ತೆರೆದದ್ದು 46. ಈ ನಾಲ್ಕು ನಂಬರ್ ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ನೋಟ್ ಹೆಸರು ನಂಬಬೇಡಿ. 60ನೇ ನೋಟನ್ನು ಯಮಾಹಾ ಸಿ3 ಅನ್ನುತ್ತದೆ, ರೋಲ್ಯಾಂಡ್ ಸಿ4 ಅನ್ನುತ್ತದೆ.

ಗಾಯಕರ ಶ್ರುತಿಗೆ ಹಾಡನ್ನು ಏರಿಸುವಾಗ ಆಗುವ ಅನಾಹುತ ಇದು. ಎಲ್ಲ ಟ್ರ್ಯಾಕ್ ಸೆಲೆಕ್ಟ್ ಮಾಡಿ ಎರಡು ಅರ್ಧಸ್ವರ ಏರಿಸುತ್ತೀರಿ. 10ನೇ ಚಾನೆಲ್ ಕೂಡ ಏರುತ್ತದೆ. 36 ಹೋಗಿ 38 ಆಯಿತು, ಅಂದರೆ ಕಿಕ್ ಹೊಡೆಯಬೇಕಾದ ಕಡೆಯಲ್ಲೆಲ್ಲ ಸ್ನೇರ್. ತೆರೆದ ಹೈಹ್ಯಾಟ್ ಇರುವ ಕಡೆ ಟಾಮ್. ಒಂದು ರಸಮಂಜರಿಯ ಸೌಂಡ್ ಚೆಕ್‌ನಲ್ಲಿ ನನಗೇ ಹೀಗಾಯಿತು. ಸಂಜೆ ಏಳಕ್ಕೆ ಕಾರ್ಯಕ್ರಮ, ಆರೂವರೆಗೆ ಗಾಯಕಿ ಎರಡು ಮನೆ ಮೇಲೆ ಕೇಳಿದರು. ಏರಿಸಿ ಪ್ಲೇ ಒತ್ತಿದೆ. ಸ್ನೇರ್ ಒಂದೇ ಸಮನೆ ಪಟಪಟ ಅಂತ ಹೊಡೆಯುತ್ತಿದೆ, ಕಿಕ್ ಎಲ್ಲೂ ಇಲ್ಲ. ಪಕ್ಕದಲ್ಲಿ ರಿದಂ ಪ್ಯಾಡ್ ನುಡಿಸುವ ಅಣ್ಣ "ಹತ್ತನ್ನೂ ಏರಿಸಿದ್ಯಾ?" ಅಂತ ಒಂದೇ ಮಾತು ಕೇಳಿದರು. ಅವತ್ತಿನಿಂದ ಸೆಲೆಕ್ಟ್ ಆಲ್ ಒತ್ತಿದ ಮೇಲೆ ಮೊದಲು 10ನ್ನು ಬಿಡಿಸುತ್ತೇನೆ, ಆಮೇಲೇ ಮುಂದಿನ ಕೆಲಸ.

ಇನ್ನು ನಮ್ಮ ತಬಲ, ಢೋಲಕ್, ಮೃದಂಗ. ಜನರಲ್ ಮಿಡಿಯ ಡ್ರಮ್ಸ್ ಪಟ್ಟಿ 35ರಿಂದ 81ರವರೆಗೆ. ಅದರಲ್ಲಿ ಈ ಮೂರೂ ಇಲ್ಲ. ನಮ್ಮ ಹಾಡುಗಳ ಫೈಲ್ ಮಾಡಿದವರು ತಮ್ಮ ಕೀಬೋರ್ಡ್‌ನ ಇಂಡಿಯನ್ ಕಿಟ್ ಹಾಕಿ ನುಡಿಸಿರುತ್ತಾರೆ. ನಿಮ್ಮ ಮೆಷಿನ್‌ನಲ್ಲಿ ಅದು ಕಾಂಗಾ, ಕೌಬೆಲ್, ಸೀಟಿ ಅಂತ ಬರುತ್ತದೆ. ಇದಕ್ಕೆ ಯಾವ ರೀಸೆಟ್ಟೂ ಮದ್ದಲ್ಲ.

ಮೊದಲು ಆ ಟ್ರ್ಯಾಕ್‌ನಲ್ಲಿ ಬಂದಿರುವ ನೋಟ್ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟೋ ಸಲ ಎಂಟು ಹತ್ತು ನೋಟ್ ಮೀರುವುದಿಲ್ಲ. ಸಮದ ಮೇಲೆ ಬೀಳುವ ತುಂಬಿದ ಪೆಟ್ಟು ಯಾವುದು, ನಡುವೆ ತುಂಬುವ ಸಣ್ಣ ಪೆಟ್ಟುಗಳು ಯಾವುವು ಅಂತ ಕೇಳಿ ಗುರುತು ಹಾಕಿ. ನಿಮ್ಮ ಮೆಷಿನ್‌ನಲ್ಲಿ ಇಂಡಿಯನ್ ಕಿಟ್ ಇದ್ದರೆ ಅಲ್ಲಿ ಆ ಪೆಟ್ಟುಗಳು ಯಾವ ಕೀಲಿಯಲ್ಲಿವೆ ನೋಡಿ. ಆಮೇಲೆ ಒಂದೊಂದು ನೋಟನ್ನೂ ಹೊಸ ನಂಬರ್‌ಗೆ ಬದಲಿಸಿ. ನೇರ ಬದಲಿಸುವಾಗ ಎಚ್ಚರ. 50ನ್ನು 52 ಮಾಡಿ, ಆಮೇಲೆ 52ನ್ನು 55 ಮಾಡಿದರೆ ಎರಡೂ 55ಕ್ಕೆ ಹೋಗಿ ಬೆರೆತುಬಿಡುತ್ತವೆ. ಮೊದಲು ಎಲ್ಲವನ್ನೂ 100ರ ಮೇಲಿನ ಖಾಲಿ ನಂಬರ್‌ಗಳಿಗೆ ಕಳಿಸಿ, ಅಲ್ಲಿಂದ ಹೊಸ ಜಾಗಕ್ಕೆ ತನ್ನಿ. ಕಿಟ್ ಇಲ್ಲವೇ ಇಲ್ಲ ಅಂದರೆ ಆ ಟ್ರ್ಯಾಕ್ ಮ್ಯೂಟ್ ಮಾಡಿ, ತಬಲ ನುಡಿಸುವವರನ್ನೇ ಕರೆಯಿರಿ. ಕಾಂಗಾದಲ್ಲಿ ತಬಲ ಕೇಳಿಸುವುದಕ್ಕಿಂತ ಅದು ಎಷ್ಟೋ ಮೇಲು.

## ಹಂತ 6: ಗಮಕ ಕೆಡುವುದು ಪಿಚ್ ಬೆಂಡ್‌ನಿಂದ

ಕೊಳಲು, ವೀಣೆ, ಶಹನಾಯಿ ಟ್ರ್ಯಾಕ್‌ಗಳು ಅಪಸ್ವರ ಅನ್ನಿಸಿದರೆ ಶ್ರುತಿ ತಿದ್ದಲು ಹೋಗಬೇಡಿ. ಬೆಂಡ್ ರೇಂಜ್ ನೋಡಿ.

ಪಿಚ್ ಬೆಂಡ್ ಅಂದರೆ ಸ್ವರವನ್ನು ಜಾರಿಸುವ ಆದೇಶ. ಅದು 0ಯಿಂದ 16383ರವರೆಗೆ ಇರುತ್ತದೆ, ನಡು 8192. ಪೂರ್ತಿ ತಳ್ಳಿದರೆ ಎಷ್ಟು ಅರ್ಧಸ್ವರ ಏರಬೇಕು ಅನ್ನುವುದು ಆ ಸಂಖ್ಯೆಯಲ್ಲಿ ಇಲ್ಲ, ಅದು ಬೇರೆ ಸೆಟ್ಟಿಂಗ್. ಏನೂ ಹೇಳದಿದ್ದರೆ ಜನರಲ್ ಮಿಡಿಯಲ್ಲಿ 2. ಗಮಕ ನುಡಿಸುವವರು ಸಾಮಾನ್ಯವಾಗಿ 12 ಇಟ್ಟುಕೊಂಡಿರುತ್ತಾರೆ.

ಒಂದು ಜಾರು ತೆಗೆದುಕೊಳ್ಳಿ. ಷಡ್ಜದಿಂದ ಅಂತರ ಗಾಂಧಾರಕ್ಕೆ ನಾಲ್ಕು ಅರ್ಧಸ್ವರ. ರೇಂಜ್ 12 ಇದ್ದಾಗ ಅದಕ್ಕೆ ನಡುವಿನಿಂದ 2731 ಏರಿಸಿದರೆ ಸಾಕು. ಅದೇ 2731, ರೇಂಜ್ 2 ಇರುವ ಮೆಷಿನ್‌ನಲ್ಲಿ ಅರ್ಧಸ್ವರದ ಮೂರನೇ ಎರಡು ಭಾಗ ಮಾತ್ರ ಏರುತ್ತದೆ. ಗಾಂಧಾರ ಹಾಗಿರಲಿ, ಶುದ್ಧ ರಿಷಭವನ್ನೂ ಮುಟ್ಟುವುದಿಲ್ಲ. ಷಡ್ಜಕ್ಕೂ ರಿಷಭಕ್ಕೂ ನಡುವೆ ಎಲ್ಲೋ ನಿಂತುಬಿಡುತ್ತದೆ. ಎಷ್ಟು ಒಳ್ಳೆಯ ಕೊಳಲಿನ ಸೌಂಡ್ ಹಾಕಿದರೂ ಅದು ಅಪಸ್ವರವೇ.

ಸರಿಮಾಡಲು ಆ ಚಾನೆಲ್‌ನ ನಾಲ್ಕನೇ ಬೀಟ್‌ನಲ್ಲಿ, ಈ ಕ್ರಮದಲ್ಲೇ ಬರೆಯಿರಿ: ಕಂಟ್ರೋಲರ್ 101 ಬೆಲೆ 0, ಕಂಟ್ರೋಲರ್ 100 ಬೆಲೆ 0, ಕಂಟ್ರೋಲರ್ 6 ಬೆಲೆ 12, ಕಂಟ್ರೋಲರ್ 38 ಬೆಲೆ 0. ಆಮೇಲೆ 101 ಮತ್ತು 100 ಎರಡಕ್ಕೂ 127 ಕೊಟ್ಟು ಬಾಗಿಲು ಮುಚ್ಚಿ. ಮುಚ್ಚದೆ ಬಿಟ್ಟರೆ ಮುಂದೆ ಯಾವತ್ತೋ ಬರುವ ಕಂಟ್ರೋಲರ್ 6 ಮತ್ತೆ ರೇಂಜ್ ಕೆಡಿಸುತ್ತದೆ.

ಮೂಲದ ರೇಂಜ್ ಎಷ್ಟಿತ್ತು ಅಂತ ಫೈಲ್‌ನಲ್ಲಿ ಬರೆದಿಲ್ಲದಿದ್ದರೆ 2, 7, 12, 24 ಹೀಗೆ ಹಾಕಿ ಕೇಳಿ. ಉದ್ದ ಜಾರು ಬಂದು ನಿಲ್ಲುವ ಸ್ವರ ರಾಗಕ್ಕೆ ಕೂತ ಕೂಡಲೇ ಕಿವಿಗೆ ಗೊತ್ತಾಗುತ್ತದೆ.

## ಹಂತ 7: ಈಗ ಸೌಂಡ್ ಬದಲಿಸಿ

ಇಲ್ಲಿಯವರೆಗೆ ಬಂದ ಮೇಲೆ ಹಾಡು ಸರಿಯಾಗಿ, ಸ್ವಲ್ಪ ಸಪ್ಪೆಯಾಗಿ ಕೇಳಿಸುತ್ತದೆ. ಜಿಎಂ ಸೌಂಡ್‌ಗಳೇ ಹಾಗೆ. ಮುಖ್ಯವಾದ ಎರಡು ಮೂರು ವಾದ್ಯಗಳಿಗೆ ಮಾತ್ರ ಮೆಷಿನ್‌ನ ಒಳ್ಳೆಯ ಸೌಂಡ್ ಹಾಕಿ. ಅದರ ಬ್ಯಾಂಕ್, ಪ್ರೋಗ್ರಾಂ ನಂಬರನ್ನು ಎರಡನೇ ಬೀಟ್‌ನಲ್ಲೇ ತಿದ್ದಿ. ಬರೀ ಸ್ಕ್ರೀನಿನಲ್ಲಿ ಬದಲಿಸಿದರೆ ಸಾಲದು.

ಎಲ್ಲಕ್ಕೂ ದಪ್ಪ ಸೌಂಡ್ ಹಾಕಿದರೆ ನೋಟ್‌ಗಳು ಕತ್ತರಿಸಿಹೋಗುತ್ತವೆ. ಮೋಟಿಫ್ ಎಕ್ಸ್‌ಎಫ್‌ಗೆ 128 ಪಾಲಿಫೊನಿ (ಒಟ್ಟಿಗೆ ಮೊಳಗಬಲ್ಲ ಶಬ್ದಗಳ ಮಿತಿ), ಆದರೆ ಒಂದು ವಾಯ್ಸ್‌ನಲ್ಲಿ ಎಂಟು ಎಲಿಮೆಂಟ್ (ಒಳಪದರ) ಇರಬಹುದು. ಎಂಟೂ ಒಟ್ಟಿಗೆ ಮೊಳಗುವ ಸೌಂಡ್ ಆದರೆ 16 ನೋಟ್‌ಗೇ ಲೆಕ್ಕ ಮುಗಿಯಿತು. ಸ್ಟ್ರಿಂಗ್ಸ್ ಹಿಡಿದಿರುವಾಗ ಬೇಸ್ ಕಾಣೆಯಾಗುತ್ತಿದೆ ಅಂದರೆ ಕಾರಣ ಇದೇ ಇರಬೇಕು.

ಪ್ರೋಗ್ರಾಂ ಮೋಡ್‌ನಲ್ಲಿ ಚೆನ್ನಾಗಿದ್ದ ಸೌಂಡ್ ಸೀಕ್ವೆನ್ಸರ್‌ನಲ್ಲಿ ಬೋಳಾಗಿ ಕೇಳಿಸುವುದು ಎಫೆಕ್ಟ್ ಜೊತೆಗೆ ಬಂದಿಲ್ಲವಾದ್ದರಿಂದ. ಕೊರ್ಗ್‌ನಲ್ಲಿ ಆ ಪ್ರೋಗ್ರಾಂನ ಇನ್ಸರ್ಟ್ ಎಫೆಕ್ಟನ್ನು ಹಾಡಿಗೆ ಕಾಪಿ ಮಾಡಿಕೊಳ್ಳಬೇಕು.

ಇನ್ನೊಂದು ಸೂಚನೆ: ಫೇಡರ್ ಇಳಿಸಿದ್ದು ಹಾಡಿನ ನಡುವೆ ತಾನಾಗಿ ಏರಿದರೆ ಅಲ್ಲಿ ಕಂಟ್ರೋಲರ್ 7 ಇದೆ. ನಡುವಿನ 7ಗಳನ್ನು 11 ಮಾಡಿ. ಆಗ ಏರಿಳಿತವೂ ಉಳಿಯುತ್ತದೆ, ಫೇಡರ್ ನಿಮ್ಮ ಕೈಯಲ್ಲೂ ಇರುತ್ತದೆ.

## ಹಂತ 8: ಸೇವ್ ಮತ್ತು ಕೊನೆಯ ಪರೀಕ್ಷೆ

ಮಿಡಿ ಫೈಲ್ ಆಗಿ ಸೇವ್ ಮಾಡಿದರೆ ನೀವು ಜೋಡಿಸಿದ ಎಫೆಕ್ಟ್, ನೀವು ತಿದ್ದಿದ ಸೌಂಡ್ ಅದರಲ್ಲಿ ಹೋಗುವುದಿಲ್ಲ. ಕೊರ್ಗ್‌ನಲ್ಲಿ ಹಾಡಿಗೆ ಎಸ್‌ಎನ್‌ಜಿ ಫೈಲ್, ಸೌಂಡ್‌ಗಳಿಗೆ ಪಿಸಿಜಿ ಫೈಲ್. ಎರಡನ್ನೂ ಒಂದೇ ಹೆಸರಿನಲ್ಲಿ ಇಡಿ. ಲೋಡ್ ಮಾಡುವಾಗ ಎರಡನ್ನೂ ಹಾಕಿ. ಪಿಸಿಜಿ ಹಾಕಿದರೆ ಮೆಷಿನ್‌ನಲ್ಲಿ ಆಗ ಇರುವ ಸೌಂಡ್‌ಗಳ ಮೇಲೆ ಬರೆದುಬಿಡುತ್ತದೆ, ಹಾಗಾಗಿ ಅವನ್ನು ಮೊದಲು ಬೇರೆ ಹೆಸರಿನಲ್ಲಿ ಸೇವ್ ಮಾಡಿ.

ಈಗ ಕೀಬೋರ್ಡ್ ಸ್ವಿಚ್ ಆಫ್ ಮಾಡಿ. ಒಂದು ನಿಮಿಷ ಬಿಟ್ಟು ಆನ್ ಮಾಡಿ, ಲೋಡ್ ಮಾಡಿ, ಶುರುವಿನಿಂದ ಪೂರ್ತಿ ಕೇಳಿ. ನಡುವಿನಿಂದ ಶುರುಮಾಡಿ ಕೇಳಿದ್ದು ಪರೀಕ್ಷೆ ಅಲ್ಲ. ಮೊದಲ ಬಾರ್‌ನ ಆದೇಶಗಳು ಆಗ ಹೋಗಿಯೇ ಇರುವುದಿಲ್ಲ. ಹಾಡು ಮುಗಿದ ಕೂಡಲೇ ಗಮಕ ಜಾಸ್ತಿ ಇರುವ ಇನ್ನೊಂದು ಹಾಡು ನುಡಿಸಿ, ಮತ್ತೆ ಮೊದಲನೆಯದಕ್ಕೆ ಬನ್ನಿ. ಎರಡನೇ ಸಲವೂ ಅದು ಹಾಗೇ ಕೇಳಿಸಿತು ಅಂದರೆ ಫೈಲ್ ಸಿದ್ಧ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊರಡಿ.